ಎರಡು ವರ್ಷದ ನಿಯಮ, ವೇವರ್ ಮತ್ತು ಆಶ್ರಯ: ಅಮೆರಿಕದಲ್ಲಿರುವ ವಿದ್ಯಾರ್ಥಿಗಳಿಗೆ ಹೆಜ್ಜೆಹೆಜ್ಜೆಯ ಮಾರ್ಗದರ್ಶಿ

ಓದು, ಸಂಶೋಧನೆಗಳ ವಿನಿಮಯ ಕಾರ್ಯಕ್ರಮಕ್ಕೆ ಕೊಡುವ ಜೆ-1 ವೀಸಾದಲ್ಲಿ ಅಮೆರಿಕಕ್ಕೆ ಬಂದವರ ಪಾಸ್‌ಪೋರ್ಟಿನಲ್ಲಿ, ವೀಸಾ ಚೀಟಿಯ ಕೆಳಭಾಗದಲ್ಲಿ, ಸ್ವದೇಶಕ್ಕೆ ಮರಳಿ ಇದ್ದು ಬರಬೇಕೆಂಬ ಎರಡು ವರ್ಷದ ನಿಯಮ ಅನ್ವಯಿಸುತ್ತದೆಯೋ ಇಲ್ಲವೋ ಎಂದು ತಿಳಿಸುವ ಒಂದು ಸಣ್ಣ ಸಾಲು ಸಾಮಾನ್ಯವಾಗಿ ಇರುತ್ತದೆ. ನಾನು ಆ ಸಾಲನ್ನು ಗಮನವಿಟ್ಟು ಓದಿದ್ದು ಇಲ್ಲಿಗೆ ಬಂದು ಮೂರು ವರ್ಷವಾದ ಮೇಲೆ, ಸಂಶೋಧನೆಯ ಅವಧಿ ಮುಗಿಯುತ್ತಾ ಬಂದು ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ಬದಲಾಗಲು ಹೊರಟಾಗ. ಆಮೇಲಿನ ಒಂದು ವರ್ಷ ಕಾಗದಪತ್ರಗಳ ಹಿಂದೆಯೇ ಹೋಯಿತು. ಅಂದಿನಿಂದ ಇದೇ ಪ್ರಶ್ನೆ ಹಿಡಿದು ಬರುವ ಕನ್ನಡದ ವಿದ್ಯಾರ್ಥಿಗಳಿಗೆ ನನಗೆ ತಿಳಿದದ್ದನ್ನು ಹೇಳುತ್ತಾ ಬಂದಿದ್ದೇನೆ. ಅವರಲ್ಲಿ ಕೆಲವರು ದನಿ ತಗ್ಗಿಸಿ ಇನ್ನೊಂದನ್ನೂ ಕೇಳುತ್ತಾರೆ: ಊರಿಗೆ ಮರಳಿದರೆ ಜೀವಕ್ಕೇ ಅಪಾಯವಿರುವವರು ಏನು ಮಾಡಬೇಕು?

ಮೊದಲನೆಯದಕ್ಕೆ ಉತ್ತರ ವೇವರ್, ಅಂದರೆ ಎರಡು ವರ್ಷದ ನಿಯಮದಿಂದ ವಿನಾಯಿತಿ; ಎರಡನೆಯದಕ್ಕೆ ಆಶ್ರಯ, ಅಂದರೆ ಅಸೈಲಮ್. ಈ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಕಲಮುಗಳು, ಬೇರೆ ಬೇರೆ ಕಚೇರಿಗಳು, ಬೇರೆ ಬೇರೆ ಅರ್ಜಿಗಳು ಇವೆ. ಒಂದಕ್ಕಾಗಿ ಇಟ್ಟ ಹೆಜ್ಜೆ ಇನ್ನೊಂದನ್ನು ಕೆಡಿಸಬಲ್ಲದು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆದ್ದರಿಂದಲೇ ಎರಡನ್ನೂ ಒಂದೇ ಲೇಖನದಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲ ವೃತ್ತಿಯಲ್ಲಿಲ್ಲ. ಇದು ವಕೀಲರ ಬಳಿಗೆ ಹೋಗುವ ಮುನ್ನ ನಿಮ್ಮ ಕೈಯಲ್ಲಿ ಏನಿರಬೇಕು, ನಿಮ್ಮ ತಲೆಯಲ್ಲಿ ಯಾವ ಪ್ರಶ್ನೆ ಇರಬೇಕು ಎಂದು ಹೇಳುವ ಬರಹ.

ಮೊದಲ ಹೆಜ್ಜೆ: ನಿಯಮ ನಿಮಗೆ ನಿಜವಾಗಿ ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳಿ

ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 212(ಇ) ಕಲಮಿನ ಪ್ರಕಾರ ಕೆಲವು ಜೆ-1 ವೀಸಾದಾರರು ತಮ್ಮ ಕಾರ್ಯಕ್ರಮ ಮುಗಿದ ಮೇಲೆ ಸ್ವದೇಶದಲ್ಲಿ ಒಟ್ಟು ಎರಡು ವರ್ಷ ಇದ್ದು ಬರಬೇಕು. ಅಲ್ಲಿಯವರೆಗೆ ಅವರಿಗೆ ಎಚ್, ಎಲ್ ಮತ್ತು ಕೆ ವೀಸಾಗಳಾಗಲಿ ಗ್ರೀನ್ ಕಾರ್ಡ್ ಆಗಲಿ ಸಿಗುವುದಿಲ್ಲ. ಅಮೆರಿಕದೊಳಗೇ ಇದ್ದುಕೊಂಡು ಬೇರೆ ವೀಸಾ ವರ್ಗಕ್ಕೆ ಬದಲಾಗುವುದೂ ಬಹುಮಟ್ಟಿಗೆ ಆಗದು. ಆದರೆ ಎಫ್-1 (ವಿದ್ಯಾರ್ಥಿ ವೀಸಾ), ಒ-1 (ಅಸಾಧಾರಣ ಪ್ರತಿಭೆಯ ವೀಸಾ) ಮೊದಲಾದ ಬೇರೆ ವೀಸಾಗಳನ್ನು ಹೊರದೇಶದ ಅಮೆರಿಕನ್ ಕಾನ್ಸುಲೇಟಿನಲ್ಲಿ ಕೇಳಿ ಪಡೆಯಲು ಅಡ್ಡಿಯಿಲ್ಲ. ಎರಡು ವರ್ಷವನ್ನು ಒಂದೇ ಸಲ ಕಳೆಯಬೇಕೆಂದೇನೂ ಇಲ್ಲ, ದಿನಗಳನ್ನು ಕೂಡಿಸುತ್ತಾ ಹೋಗಬಹುದು. ಆದ್ದರಿಂದ ಊರಿಗೆ ಹೋಗಿಬಂದ ಪ್ರತಿ ಸಲದ ವಿಮಾನ ಟಿಕೆಟ್ಟನ್ನೂ ಪಾಸ್‌ಪೋರ್ಟಿನ ಮುದ್ರೆಗಳನ್ನೂ ಉಳಿಸಿಕೊಳ್ಳಿ. ಜೆ-2 ವೀಸಾದಲ್ಲಿ ಜೊತೆಗೆ ಬಂದ ಗಂಡ, ಹೆಂಡತಿ, ಮಕ್ಕಳಿಗೂ ಈ ನಿಯಮ ಅಂಟಿಕೊಳ್ಳುತ್ತದೆ. ಮೊದಲಿನಿಂದಲೂ ಎಫ್-1 ವೀಸಾದಲ್ಲೇ ಇದ್ದು ಓದುತ್ತಿರುವವರಿಗೆ ಇದರ ಗೊಡವೆಯಿಲ್ಲ. ಅವರು ನೇರವಾಗಿ ಆಶ್ರಯದ ಭಾಗಕ್ಕೆ ಹೋಗಬಹುದು.

ನಿಯಮ ಅನ್ವಯಿಸಲು ಮೂರು ಕಾರಣಗಳಿವೆ. ಕಾರ್ಯಕ್ರಮಕ್ಕೆ ಅಮೆರಿಕದ ಅಥವಾ ಸ್ವದೇಶದ ಸರ್ಕಾರ ಹಣ ಕೊಟ್ಟಿರಬಹುದು. ನಿಮ್ಮ ವಿಷಯ ಸ್ವದೇಶಕ್ಕೆ ಅಗತ್ಯವಾದ ಪರಿಣತಿಗಳ ಪಟ್ಟಿಯಲ್ಲಿ ಇರಬಹುದು. ಅಥವಾ ನೀವು ಅಮೆರಿಕದ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಅಥವಾ ಫೆಲೋಶಿಪ್ ತರಬೇತಿಗೆ ಬಂದ ವೈದ್ಯರಾಗಿರಬಹುದು. ಭಾರತೀಯರನ್ನು ಬಹುಕಾಲ ಕಟ್ಟಿಹಾಕಿದ್ದು ಇವುಗಳಲ್ಲಿ ಎರಡನೆಯದು. 2024ರ ಡಿಸೆಂಬರ್ 9ರಂದು ಅಮೆರಿಕದ ವಿದೇಶಾಂಗ ಇಲಾಖೆ ಈ ಪರಿಣತಿ ಪಟ್ಟಿಯನ್ನು ಪರಿಷ್ಕರಿಸಿದಾಗ ಭಾರತವನ್ನು ಅದರಿಂದ ಕೈಬಿಟ್ಟಿತು, ಚೀನಾವನ್ನೂ ಕೈಬಿಟ್ಟಿತು. ಈ ಬದಲಾವಣೆ ಅದಕ್ಕೂ ಮೊದಲೇ ಜೆ-1 ಪಡೆದವರಿಗೂ ಅನ್ವಯಿಸುತ್ತದೆ. ಅಂದರೆ ನಿಮ್ಮ ವೀಸಾದ ಮೇಲೆ ನಿಯಮ ಅನ್ವಯಿಸುತ್ತದೆ ಎಂದು ಅಚ್ಚಾಗಿದ್ದರೂ, ಅದಕ್ಕೆ ಪರಿಣತಿ ಪಟ್ಟಿಯೊಂದೇ ಕಾರಣವಾಗಿದ್ದರೆ, ಇವತ್ತು ನೀವು ಅದರಿಂದ ಬಿಡುಗಡೆಯಾಗಿದ್ದೀರಿ. ಇದನ್ನು ತಿಳಿಯದೆ ವೇವರ್ ಅರ್ಜಿಗೆ ಹಣವನ್ನೂ ತಿಂಗಳುಗಳನ್ನೂ ಕಳೆಯಲು ಹೊರಟವರನ್ನು ನಾನು ನೋಡಿದ್ದೇನೆ.

ಫುಲ್‌ಬ್ರೈಟ್-ನೆಹರೂ ಫೆಲೋಶಿಪ್‌ನಲ್ಲಿ ಬಂದವರಿಗೆ, ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬಂದವರಿಗೆ ಮತ್ತು ತರಬೇತಿಯ ವೈದ್ಯರಿಗೆ ಈ ಬದಲಾವಣೆಯಿಂದ ಪ್ರಯೋಜನವಿಲ್ಲ. ಅವರಿಗೆ ನಿಯಮ ಮೊದಲಿನಂತೆಯೇ ಇದೆ. ಹಣದ ಮೂಲದ ಬಗ್ಗೆ ಅನುಮಾನವಿದ್ದರೆ ನಿಮ್ಮ ಎಲ್ಲ ಡಿಎಸ್-2019 ಪತ್ರಗಳನ್ನೂ (ಜೆ-1 ಕಾರ್ಯಕ್ರಮದ ವಿವರವಿರುವ ಅಧಿಕೃತ ಪತ್ರ) ತೆಗೆದು, ಖರ್ಚನ್ನು ಯಾರು ಎಷ್ಟು ಭರಿಸಿದ್ದಾರೆ ಎಂಬ ಕಂಡಿಕೆಯನ್ನು ಒಂದೊಂದಾಗಿ ನೋಡಿ. ಎಲ್ಲ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಐದು ವರ್ಷದ ಹಿಂದೆ ಮುಗಿದ ಒಂದು ಕಾರ್ಯಕ್ರಮದ ಬಂಧನವೂ ಇವತ್ತಿನವರೆಗೆ ಉಳಿದಿರಬಹುದು. ವೀಸಾದ ಮೇಲಿನ ಟಿಪ್ಪಣಿಯೇ ಕೊನೆಯ ಮಾತಲ್ಲ. ಅದು ಎಷ್ಟೋ ಸಲ ತಪ್ಪಾಗಿರುತ್ತದೆ. ಸಂದೇಹ ಉಳಿದರೆ ವಿದೇಶಾಂಗ ಇಲಾಖೆಯ ವೇವರ್ ಪರಿಶೀಲನಾ ವಿಭಾಗದಿಂದ ಅಭಿಪ್ರಾಯ ಪತ್ರವನ್ನು ಕೇಳಿ ಪಡೆಯಿರಿ. ಮುಂದೆ ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಅರ್ಜಿಯ ಜೊತೆ ಇಡಲು ಆ ಪತ್ರದಷ್ಟು ಗಟ್ಟಿಯಾದ ಆಧಾರ ಬೇರೊಂದಿಲ್ಲ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಸಂಶೋಧಕ ಅಥವಾ ಪ್ರಾಧ್ಯಾಪಕ ವರ್ಗದ ಜೆ-1 ಮುಗಿಸಿದವರು ಅದೇ ವರ್ಗದಲ್ಲಿ ಮತ್ತೆ ಬರಲು 24 ತಿಂಗಳು ಕಾಯಬೇಕೆಂಬ ಬೇರೊಂದು ನಿಯಮವಿದೆ. ಎರಡಕ್ಕೂ ಎರಡು ವರ್ಷದ ಲೆಕ್ಕವೇ ಇರುವುದರಿಂದ ಜನ ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. 212(ಇ)ಯ ವೇವರ್ ಸಿಕ್ಕರೂ ಈ 24 ತಿಂಗಳ ತಡೆ ಹೋಗುವುದಿಲ್ಲ. ಆದರೆ ಈ ತಡೆ ಎಚ್-1ಬಿಗಾಗಲಿ ಗ್ರೀನ್ ಕಾರ್ಡಿಗಾಗಲಿ ಅಡ್ಡಬರುವುದೂ ಇಲ್ಲ.

ಎರಡನೆಯ ಹೆಜ್ಜೆ: ವೇವರ್‌ಗೆ ಯಾವ ಆಧಾರ ಎಂದು ತೀರ್ಮಾನಿಸಿ

ನಿಯಮ ಅನ್ವಯಿಸುತ್ತದೆ ಎಂದು ಖಚಿತವಾದ ಮೇಲೆ, ವೇವರ್ ಕೇಳಲು ಐದು ಆಧಾರಗಳಿವೆ.

ಹೆಚ್ಚು ಬಳಕೆಯಲ್ಲಿರುವುದು ಸ್ವದೇಶದ ಸರ್ಕಾರದ ನಿರಾಕ್ಷೇಪಣೆ. ಈ ವ್ಯಕ್ತಿ ಹಿಂದಿರುಗದಿದ್ದರೂ ನಮ್ಮ ಆಕ್ಷೇಪವಿಲ್ಲ ಎಂದು ಭಾರತದ ದೂತಾವಾಸವು ಅಮೆರಿಕದ ವಿದೇಶಾಂಗ ಇಲಾಖೆಗೆ ನೇರವಾಗಿ ಬರೆಯಬೇಕು. ಇದಕ್ಕೆ ಮುಂಚೆ ನಡೆಯುವ ಪ್ರಕ್ರಿಯೆಯನ್ನೇ ನಮ್ಮವರು ನೋರಿ (ಭಾರತಕ್ಕೆ ಮರಳುವ ಬಾಧ್ಯತೆಯಿಲ್ಲ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂದು ಕರೆಯುವುದು. ರಾಜ್ಯ ಸರ್ಕಾರ, ಕೇಂದ್ರದ ಶಿಕ್ಷಣ ಸಚಿವಾಲಯ, ಪಾಸ್‌ಪೋರ್ಟ್ ಕಚೇರಿ, ಹೀಗೆ ಹಲವು ಕಡೆಯಿಂದ ನಿರಾಕ್ಷೇಪಣಾ ಪತ್ರಗಳು ಕೂಡಿಬರಬೇಕು. ಇವತ್ತಿನ ಕ್ರಮ ಹೇಗಿದೆ ಎಂಬುದನ್ನು ಅಮೆರಿಕದಲ್ಲಿ ನೀವಿರುವ ರಾಜ್ಯ ಯಾವ ಭಾರತೀಯ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೋ ಅದರ ಸೂಚನೆಗಳಲ್ಲೇ ಓದಿ, ಸ್ನೇಹಿತರು ನಾಲ್ಕು ವರ್ಷದ ಹಿಂದೆ ಮಾಡಿದ್ದನ್ನು ನೆಚ್ಚಬೇಡಿ. ನನ್ನ ಅರ್ಜಿಯ ಕಾಲದಲ್ಲಿ ಒಂದು ಕಚೇರಿಯಲ್ಲಿ ಕಡತ ಮೂರು ತಿಂಗಳು ಮಿಸುಕಲಿಲ್ಲ. ಅಪ್ಪ ಹಾಸನದಿಂದ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ ಕೇಳಿದಾಗ ತಿಳಿದದ್ದು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಊರಿನ ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಇದ್ದು, ಪಾಸ್‌ಪೋರ್ಟಿನಲ್ಲಿ ಅವೇ ಪೂರ್ಣ ಹೆಸರುಗಳಾಗಿ ಹಿಗ್ಗಿದ್ದರಿಂದ ಇಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಬೇಕಾಗಿತ್ತು. ನಮ್ಮ ಕಡೆಯ ಹೆಸರುಗಳಿಗೆ ಇದು ಮಾಮೂಲಿ ತೊಡಕು. ಒಬ್ಬರೇ ಎಂದು ಪ್ರಮಾಣೀಕರಿಸುವ ಅಫಿಡವಿಟ್ಟನ್ನು ನೋಟರಿಯಿಂದ ಮೊದಲೇ ಮಾಡಿಸಿಟ್ಟುಕೊಂಡರೆ ಮೂರು ತಿಂಗಳು ಉಳಿಯುತ್ತದೆ.

ನಿರಾಕ್ಷೇಪಣೆಗೆ ಎರಡು ಮಿತಿಗಳಿವೆ. ಅಮೆರಿಕದಲ್ಲಿ ವೈದ್ಯಕೀಯ ತರಬೇತಿ ಪಡೆದವರಿಗೆ ಕಾನೂನಿನ ಪ್ರಕಾರವೇ ಈ ದಾರಿ ಮುಚ್ಚಿದೆ. ಅಮೆರಿಕದ ಸರ್ಕಾರದ ಹಣದಲ್ಲಿ ಬಂದವರು, ಅದರಲ್ಲೂ ಫುಲ್‌ಬ್ರೈಟ್ ಫೆಲೋಗಳು, ಅರ್ಜಿ ಹಾಕಬಹುದಾದರೂ ಸಾಮಾನ್ಯವಾಗಿ ಅನುಕೂಲಕರ ಶಿಫಾರಸು ಸಿಗುವುದಿಲ್ಲ. ತೆರಿಗೆದಾರರ ಹಣ ಕೊಟ್ಟು ಕರೆಸಿದ ಉದ್ದೇಶವೇ ನೀವು ಕಲಿತು ಹಿಂದಿರುಗುವುದಾಗಿತ್ತು ಎಂಬುದು ಅವರ ವಾದ, ಮತ್ತು ಅದು ಅನ್ಯಾಯದ ವಾದವೇನಲ್ಲ. ಫೆಲೋಶಿಪ್ ಒಪ್ಪಿಕೊಳ್ಳುವ ಮೊದಲೇ ಇದನ್ನು ತೂಗಿ ನೋಡುವುದು ಒಳ್ಳೆಯದು.

ಎರಡನೆಯ ಆಧಾರ, ನಿಮ್ಮ ಕೆಲಸ ತನಗೆ ಬೇಕು ಎಂದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಕೇಳುವುದು. ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆ, ನಿವೃತ್ತ ಸೈನಿಕರ ಇಲಾಖೆ ಮೊದಲಾದವು ಹೀಗೆ ಕೇಳುವುದುಂಟು. ಮೂರನೆಯದು ವೈದ್ಯರಿಗೆ ಮೀಸಲಾದ ಕಾನ್ರಾಡ್ 30 ಯೋಜನೆ. 1994ರಿಂದ ಇರುವ ಈ ಯೋಜನೆಯಲ್ಲಿ ಪ್ರತಿ ರಾಜ್ಯವೂ ವರ್ಷಕ್ಕೆ 30 ವೈದ್ಯರಿಗೆ ಶಿಫಾರಸು ಮಾಡಬಹುದು. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಎಚ್-1ಬಿ ಮೇಲೆ ಮೂರು ವರ್ಷ, ವಾರಕ್ಕೆ 40 ಗಂಟೆ ಕೆಲಸ ಮಾಡಬೇಕು.

ನಾಲ್ಕನೆಯದು ಅಸಾಧಾರಣ ಸಂಕಷ್ಟ. ಇದು ನಿಮ್ಮ ಸಂಕಷ್ಟವಲ್ಲ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿರುವ ನಿಮ್ಮ ಸಂಗಾತಿಗೆ ಅಥವಾ ಮಗುವಿಗೆ ಆಗುವ ಸಂಕಷ್ಟ. ಅವರು ನಿಮ್ಮ ಜೊತೆ ಭಾರತಕ್ಕೆ ಬಂದರೆ ಏನಾಗುತ್ತದೆ, ನಿಮ್ಮನ್ನು ಬಿಟ್ಟು ಇಲ್ಲೇ ಉಳಿದರೆ ಏನಾಗುತ್ತದೆ ಎಂಬ ಎರಡನ್ನೂ ಬೇರೆಬೇರೆಯಾಗಿ ತೋರಿಸಬೇಕು. ಒಂದನ್ನೇ ವಿವರವಾಗಿ ಬರೆದು ಇನ್ನೊಂದನ್ನು ಎರಡು ಸಾಲಿನಲ್ಲಿ ಮುಗಿಸಿದ ಅರ್ಜಿ ಬಿದ್ದುಹೋಗುತ್ತದೆ. ಎರಡು ವರ್ಷ ದೂರವಿರುವ ನೋವು ಎಲ್ಲ ಕುಟುಂಬಕ್ಕೂ ಇರುವಂಥದ್ದು ಎಂದೇ ಕಾನೂನು ಭಾವಿಸುತ್ತದೆ. ಅದಕ್ಕಿಂತ ಹೆಚ್ಚಿನದೇನೋ ಬೇಕು, ಉದಾಹರಣೆಗೆ ಮಗುವಿಗೆ ನಡೆಯುತ್ತಿರುವ ಚಿಕಿತ್ಸೆ ಮತ್ತು ಅದರ ಬಗ್ಗೆ ವೈದ್ಯರ ಪತ್ರ.

ಐದನೆಯದು, ಸ್ವದೇಶಕ್ಕೆ ಮರಳಿದರೆ ಜನಾಂಗ, ಧರ್ಮ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಗುರಿಯಾಗುವೆನೆಂಬ ಆಧಾರ. ಇದು ಆಶ್ರಯದ ಪಕ್ಕದ ಮನೆಯಂತೆ ಕಂಡರೂ ಒಂದೇ ಅಲ್ಲ. ಮುಂದೆ ಅದಕ್ಕೆ ಬರುತ್ತೇನೆ.

ಮೂರನೆಯ ಹೆಜ್ಜೆ: ಅರ್ಜಿಯ ಅನುಕ್ರಮ

ಎಲ್ಲ ಆಧಾರಗಳಿಗೂ ಮೊದಲು ತುಂಬಬೇಕಾದದ್ದು ವಿದೇಶಾಂಗ ಇಲಾಖೆಯ ಆನ್‌ಲೈನ್ ಅರ್ಜಿ ಡಿಎಸ್-3035. ಅದರಿಂದ ನಿಮಗೊಂದು ಪ್ರಕರಣ ಸಂಖ್ಯೆ ಸಿಗುತ್ತದೆ. ಅರ್ಜಿಯ ಮುದ್ರಿತ ಪ್ರತಿ, 120 ಡಾಲರ್ ಶುಲ್ಕ, ಈವರೆಗಿನ ಎಲ್ಲ ಡಿಎಸ್-2019 ಪ್ರತಿಗಳು, ಪಾಸ್‌ಪೋರ್ಟ್ ಪುಟದ ಪ್ರತಿ ಮತ್ತು ಕಾರಣವನ್ನು ವಿವರಿಸುವ ಹೇಳಿಕೆಯನ್ನು ಅಂಚೆಯಲ್ಲಿ ಕಳುಹಿಸಬೇಕು. ದೂತಾವಾಸಕ್ಕೆ ಬರೆಯುವಾಗಲೂ ಅದೇ ಪ್ರಕರಣ ಸಂಖ್ಯೆಯನ್ನು ನಮೂದಿಸಿ. ಸಂಕಷ್ಟ ಅಥವಾ ಕಿರುಕುಳದ ಆಧಾರವಾದರೆ, ವಲಸೆ ಅರ್ಜಿಗಳನ್ನು ತೀರ್ಮಾನಿಸುವ ಸರ್ಕಾರಿ ಸಂಸ್ಥೆಯಾದ ಯುಎಸ್‌ಸಿಐಎಸ್‌ಗೆ ಐ-612 ಎಂಬ ಇನ್ನೊಂದು ಅರ್ಜಿಯನ್ನೂ ಪ್ರತ್ಯೇಕ ಶುಲ್ಕದೊಂದಿಗೆ ಸಲ್ಲಿಸಬೇಕು. ವಿದೇಶಾಂಗ ಇಲಾಖೆ ಕೊಡುವುದು ಶಿಫಾರಸು ಮಾತ್ರ. ಕೊನೆಯ ಮಂಜೂರಾತಿ ಯುಎಸ್‌ಸಿಐಎಸ್‌ನಿಂದ ಬರುತ್ತದೆ.

ಸಮಯದ ಆಯ್ಕೆಯಲ್ಲಿ ಎಚ್ಚರ ಬೇಕು. ಅನುಕೂಲಕರ ಶಿಫಾರಸು ಬಂದ ಮೇಲೆ ನಿಮ್ಮ ಜೆ-1 ಕಾರ್ಯಕ್ರಮವನ್ನು ವಿಸ್ತರಿಸಲು ಆಗುವುದಿಲ್ಲ. ಇನ್ನೂ ಎರಡು ವರ್ಷ ಅದೇ ಪ್ರಯೋಗಾಲಯದಲ್ಲಿ ಇರಬೇಕೆಂದಿದ್ದರೆ ಮೊದಲು ವಿಸ್ತರಣೆ ಮಾಡಿಸಿಕೊಂಡು, ಆಮೇಲೆ ವೇವರ್‌ಗೆ ಕೈಹಾಕಿ. ಇನ್ನೊಂದು ಮಾತು: ವೇವರ್ ಎಂಬುದು ವೀಸಾ ಅಲ್ಲ. ಅದು ಬೇಲಿಯ ಗೇಟನ್ನು ತೆಗೆಯುತ್ತದೆ ಅಷ್ಟೆ. ಅದರಿಂದಲೇ ಇಲ್ಲಿ ಉಳಿಯುವ ಹಕ್ಕಾಗಲಿ ಕೆಲಸ ಮಾಡುವ ಹಕ್ಕಾಗಲಿ ಬರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಆಶ್ರಯ ಯಾರಿಗೆ

ಆಶ್ರಯದ ಅರ್ಜಿ ಐ-589. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳವಾಗಿದೆ ಅಥವಾ ಆಗುವ ಭಯಕ್ಕೆ ಸಕಾರಣವಿದೆ ಎಂದು ತೋರಿಸಬೇಕು. ಒಪಿಟಿ (ಓದಿಗೆ ಸಂಬಂಧಿಸಿದ ಕೆಲಸಕ್ಕೆ ಎಫ್-1 ವಿದ್ಯಾರ್ಥಿಗಳಿಗೆ ಸಿಗುವ ಅವಧಿ) ಮುಗಿದು ಕೆಲಸ ಸಿಗದಿರುವುದು, ಎಚ್-1ಬಿ ಲಾಟರಿಯಲ್ಲಿ ಹೆಸರು ಬಾರದಿರುವುದು, ಶಿಕ್ಷಣ ಸಾಲದ ಹೊರೆ, ಇವು ಯಾವುವೂ ಆಶ್ರಯಕ್ಕೆ ಕಾರಣವಲ್ಲ. ಇದನ್ನೆಲ್ಲ ‘ಸರಿಮಾಡಿ ಬರೆದುಕೊಡುತ್ತೇವೆ’ ಎನ್ನುವ ಏಜೆಂಟರಿದ್ದಾರೆ. ಅವರ ಮಾತಿಗೆ ಒಪ್ಪಿ ಸುಳ್ಳು ಕತೆಗೆ ಸಹಿ ಹಾಕಿದ ಅರ್ಜಿ ದುರುದ್ದೇಶದ್ದೆಂದು ತೀರ್ಮಾನವಾದರೆ ಅಮೆರಿಕದ ವಲಸೆ ಕಾನೂನಿನ ಸೌಲಭ್ಯಗಳೆಲ್ಲ ಶಾಶ್ವತವಾಗಿ ಮುಚ್ಚಿಹೋಗುತ್ತವೆ. ನಿಜವಾಗಿ ಅಪಾಯದಲ್ಲಿರುವವರ ಅರ್ಜಿಗಳನ್ನು ಅನುಮಾನದಿಂದ ನೋಡುವಂತೆ ಮಾಡುವುದೂ ಇಂಥ ಕತೆಗಳೇ.

ನಿಜವಾದ ಅಪಾಯ ನಮ್ಮ ನಡುವಿನ ಕೆಲವರಿಗೆ ಇದೆ. ಜಾತಿ ಅಥವಾ ಧರ್ಮ ಮೀರಿ ಮದುವೆಯಾಗಿ ಮರ್ಯಾದೆಗೇಡು ಹತ್ಯೆಯ ಬೆದರಿಕೆ ಎದುರಿಸುವವರು, ಮನೆಯವರಿಂದಲೇ ಹಿಂಸೆಗೆ ಒಳಗಾದ ಸಲಿಂಗಿಗಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರು, ಬರಹಕ್ಕಾಗಿ ಅಥವಾ ಹೋರಾಟಕ್ಕಾಗಿ ಬೆನ್ನಟ್ಟಿಸಿಕೊಂಡವರು. ಭಾರತದಿಂದ ಬಂದ ಅರ್ಜಿದಾರರು ಎದುರಿಸುವ ಕಠಿಣ ಪ್ರಶ್ನೆ ಹೆಚ್ಚಾಗಿ ಇದು: ಇಷ್ಟು ದೊಡ್ಡ ದೇಶದಲ್ಲಿ ಬೇರೆ ರಾಜ್ಯಕ್ಕೆ ಹೋಗಿ ಬದುಕಲು ಏಕೆ ಆಗದು? ಕಿರುಕುಳ ಕೊಡುವವರು ಸರ್ಕಾರವಲ್ಲದೆ ಖಾಸಗಿ ವ್ಯಕ್ತಿಗಳಾದರೆ, ಪೊಲೀಸರು ರಕ್ಷಿಸಲಾರರು ಅಥವಾ ರಕ್ಷಿಸರು ಎಂಬುದನ್ನೂ ಬೇರೆ ಊರಿನಲ್ಲಿ ಸುರಕ್ಷಿತವಾಗಿ ಬದುಕಲಾಗದು ಎಂಬುದನ್ನೂ ಸಾಮಾನ್ಯವಾಗಿ ನೀವೇ ತೋರಿಸಬೇಕಾಗುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಭಾರತದ ಸುಪ್ರೀಂ ಕೋರ್ಟ್ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದಿರುವುದರಿಂದ, ಆ ಕಾರಣದ ಅರ್ಜಿಯಲ್ಲಿ ಕಾನೂನನ್ನು ತೋರಿಸಿದರೆ ಸಾಲದು; ನಿಮ್ಮದೇ ಮನೆ, ನಿಮ್ಮದೇ ಊರು, ನಿಮಗೇ ಆದದ್ದನ್ನು ಹೇಳಬೇಕು.

ಗಡುವಿನ ವಿಷಯ. ಅಮೆರಿಕಕ್ಕೆ ಕೊನೆಯ ಸಲ ಬಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಆದರೆ ವಿದ್ಯಾರ್ಥಿಗಳಿಗೆ ಮುಖ್ಯವಾದ ವಿನಾಯಿತಿಯೊಂದಿದೆ: ಎಫ್-1 ಅಥವಾ ಜೆ-1ರಂಥ ಕಾನೂನುಬದ್ಧ ಸ್ಥಿತಿಯನ್ನು ಕಾಪಾಡಿಕೊಂಡಿದ್ದ ಅವಧಿಯನ್ನು ಅಸಾಧಾರಣ ಸನ್ನಿವೇಶವೆಂದು ಪರಿಗಣಿಸಬಹುದು. ಆ ಸ್ಥಿತಿ ಮುಗಿದ ಮೇಲೆ ಸಮಂಜಸವಾದ ಅಲ್ಪಾವಧಿಯೊಳಗೆ ಅರ್ಜಿ ಹಾಕಬೇಕು. ಅಲ್ಪಾವಧಿ ಎಂದರೆ ಇಂತಿಷ್ಟೇ ದಿನ ಎಂಬ ಲೆಕ್ಕವಿಲ್ಲದ ಕಾರಣ ಇದನ್ನು ಕೊನೆಯ ಆಸರೆಯಾಗಿ ಮಾತ್ರ ಇಟ್ಟುಕೊಳ್ಳಿ. ಒಂದು ವರ್ಷದೊಳಗೆ ಹಾಕಲು ಸಾಧ್ಯವಿದ್ದರೆ ಹಾಕಿ. ನೀವು ಇಲ್ಲಿರುವಾಗಲೇ ಊರಿನ ಪರಿಸ್ಥಿತಿ ಬದಲಾಗಿ ಅಪಾಯ ಹೊಸದಾಗಿ ಹುಟ್ಟಿದ್ದರೆ ಅದಕ್ಕೂ ವಿನಾಯಿತಿ ಇದೆ.

2025ರ ಜುಲೈನಲ್ಲಿ ಬಂದ ಕಾನೂನು ಆಶ್ರಯದ ಅರ್ಜಿಗೆ 100 ಡಾಲರ್, ಅದು ಬಾಕಿಯಿರುವ ಪ್ರತಿ ವರ್ಷಕ್ಕೆ ಮತ್ತೆ 100 ಡಾಲರ್, ಮೊದಲ ಕೆಲಸದ ಪರವಾನಗಿಗೆ 550 ಡಾಲರ್ ಶುಲ್ಕವನ್ನು ನಿಗದಿಮಾಡಿತು. ಹಣದುಬ್ಬರಕ್ಕೆ ತಕ್ಕಂತೆ ಇವು ಏರುತ್ತವೆ. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಯುಎಸ್‌ಸಿಐಎಸ್ ಆಶ್ರಯ ಅರ್ಜಿಗಳ ತೀರ್ಮಾನವನ್ನೇ ತಡೆಹಿಡಿಯಿತು. ಇಲ್ಲಿನ ನಿಯಮಗಳು ತಿಂಗಳೊಪ್ಪತ್ತಿನಲ್ಲಿ ಬದಲಾಗುವುದರಿಂದ ಅರ್ಜಿ ಕಳುಹಿಸುವ ವಾರದಲ್ಲೇ ಶುಲ್ಕವನ್ನೂ ಸದ್ಯದ ಸ್ಥಿತಿಯನ್ನೂ ಅಧಿಕೃತ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ.

ಐದನೆಯ ಹೆಜ್ಜೆ: ಪುರಾವೆ, ಅನುವಾದ, ದುಭಾಷಿ

ಕನ್ನಡಿಗರು ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಕನ್ನಡದಲ್ಲಿರುವ ಎಫ್‌ಐಆರ್, ಪತ್ರಿಕಾ ವರದಿ, ಪತ್ರ, ವಾಟ್ಸ್‌ಆ್ಯಪ್ ಬೆದರಿಕೆ, ಎಲ್ಲಕ್ಕೂ ಪೂರ್ಣ ಇಂಗ್ಲಿಷ್ ಅನುವಾದ ಮತ್ತು ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಎಂಬ ಅನುವಾದಕರ ಸಹಿಯ ಪ್ರಮಾಣ ಬೇಕು. 2016ರ ಸುಪ್ರೀಂ ಕೋರ್ಟ್ ಆದೇಶದ ನಂತರ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ಜಾಲತಾಣದಲ್ಲಿ ಹಾಕಬೇಕಾಗಿರುವುದರಿಂದ, ಊರಿನ ಠಾಣೆಗೆ ಯಾರನ್ನೂ ಕಳುಹಿಸದೆ ಪ್ರತಿ ಪಡೆಯಲು ಎಷ್ಟೋ ಸಲ ಸಾಧ್ಯವಿದೆ. ದೂರೇ ಕೊಡದಿದ್ದರೆ ಏಕೆ ಕೊಡಲಿಲ್ಲ ಎಂಬುದನ್ನು ಹೇಳಿಕೆಯಲ್ಲಿ ಬಿಡಿಸಿ ಬರೆಯಿರಿ.

ಆಶ್ರಯ ಕಚೇರಿಯ ಸಂದರ್ಶನದಲ್ಲಿ ಇಂಗ್ಲಿಷ್ ಸಲೀಸಾಗಿ ಬಾರದವರು ತಮ್ಮ ದುಭಾಷಿಯನ್ನು ತಾವೇ ಕರೆದುಕೊಂಡು ಹೋಗಬೇಕು. ಅವರಿಗೆ 18 ವರ್ಷ ತುಂಬಿರಬೇಕು. ನಿಮ್ಮ ವಕೀಲರಾಗಲಿ ಸಾಕ್ಷಿಯಾಗಲಿ ಸ್ವದೇಶದ ಸರ್ಕಾರದ ನೌಕರರಾಗಲಿ ಆಗಿರಬಾರದು. ಇಂಗ್ಲಿಷಿನಲ್ಲಿ ಪ್ರಬಂಧ ಮಂಡಿಸಬಲ್ಲವರೂ ಮನೆಯಲ್ಲಿ ಹೊಡೆಸಿಕೊಂಡ ರಾತ್ರಿಯನ್ನು ಹೇಳುವಾಗ ತಡವರಿಸುತ್ತಾರೆ. ಆದ್ದರಿಂದ ಇದನ್ನು ಅಭಿಮಾನದ ಪ್ರಶ್ನೆ ಮಾಡಿಕೊಳ್ಳಬೇಡಿ.

ನೆಂಟಸ್ತಿಕೆಯ ಪದಗಳು ಇಲ್ಲಿ ಬಲೆಯಾಗುತ್ತವೆ. ದೊಡ್ಡಪ್ಪನ ಮಗನನ್ನು ನಾವು ಅಣ್ಣ ಎನ್ನುತ್ತೇವೆ, ಅನುವಾದದಲ್ಲಿ ಅವನು ಒಡಹುಟ್ಟಿದವನಾಗುತ್ತಾನೆ, ಅರ್ಜಿಯ ಕುಟುಂಬದ ಪಟ್ಟಿಯಲ್ಲಿ ಅವನ ಹೆಸರಿರುವುದಿಲ್ಲ. ಅಧಿಕಾರಿಗೆ ಅದು ಸುಳ್ಳಿನಂತೆ ಕಾಣುತ್ತದೆ. ಸೋದರಮಾವ, ಚಿಕ್ಕಪ್ಪ, ಅತ್ತೆಯ ಗಂಡ, ಎಲ್ಲರೂ ಇಂಗ್ಲಿಷಿನ ಒಂದೇ ಪದದೊಳಗೆ ಕಲಸಿಹೋಗುತ್ತಾರೆ. ಹಾಗೆಯೇ ಯುಗಾದಿ ಕಳೆದ ವಾರ, ಊರ ಜಾತ್ರೆಯ ಹಿಂದಿನ ದಿನ ಎಂದು ನೆನಪಿಟ್ಟುಕೊಂಡದ್ದನ್ನು ತಾರೀಖಿಗೆ ಇಳಿಸುವಾಗ ಆ ವರ್ಷದ ಪಂಚಾಂಗ ನೋಡಿ ಲೆಕ್ಕ ಹಾಕಿ. ಲೆಕ್ಕ ಸಿಗದಿದ್ದರೆ ಸುಮಾರು ಎಂದೇ ಬರೆಯಿರಿ. ಊಹಿಸಿ ಬರೆದ ತಾರೀಖು ಆಸ್ಪತ್ರೆಯ ಚೀಟಿಯ ತಾರೀಖಿಗೆ ಹೊಂದದಿದ್ದರೆ ಇಡೀ ಅರ್ಜಿಯ ನಂಬಿಕೆ ಕುಸಿಯುತ್ತದೆ.

ಆರನೆಯ ಹೆಜ್ಜೆ: ಎರಡು ದಾರಿಗಳು ಕೂಡುವ ಜಾಗ

ಜೆ-1 ವಿದ್ಯಾರ್ಥಿಗೆ ಎರಡು ವರ್ಷದ ನಿಯಮವಿದ್ದರೂ ಆಶ್ರಯ ಕೇಳಲು ಅದು ಅಡ್ಡಿಯಲ್ಲ. ಆಶ್ರಯ ಸಿಕ್ಕರೆ ಒಂದು ವರ್ಷದ ನಂತರ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗಲೂ ಪ್ರತ್ಯೇಕ ವೇವರ್ ಬೇಕಿಲ್ಲ ಎಂದು ನಿಯಮಾವಳಿಯೇ ಹೇಳುತ್ತದೆ. ಹಾಗಾದರೆ ಕಿರುಕುಳದ ಆಧಾರದ ವೇವರ್ ಯಾರಿಗೆ? ಎಚ್-1ಬಿ ಅಥವಾ ಮದುವೆಯ ಮೂಲಕ ಬೇರೆ ದಾರಿ ಇದ್ದು, ಊರಿಗೆ ಎರಡು ವರ್ಷ ಮರಳುವುದಷ್ಟೇ ಅಪಾಯವಾಗಿರುವವರಿಗೆ. ಅದರಲ್ಲಿ ಐದರ ಬದಲು ಮೂರೇ ಕಾರಣಗಳಿವೆ; ಸಾಮಾಜಿಕ ಗುಂಪು ಎಂಬುದು ಆ ಪಟ್ಟಿಯಲ್ಲಿಲ್ಲ. ಸಕಾರಣವಾದ ಭಯವಿದ್ದರೆ ಸಾಲದು, ಕಿರುಕುಳ ಆಗಿಯೇ ಆಗುತ್ತದೆ ಎಂದು ತೋರಿಸಬೇಕು. ಆದ್ದರಿಂದ ಮೇಲೆ ಹೇಳಿದ ಹಲವರಿಗೆ ಆಶ್ರಯವೇ ಹೊಂದುತ್ತದೆ, ಈ ವೇವರ್ ಹೊಂದುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ತಪ್ಪು ನಿರಾಕ್ಷೇಪಣೆಯದು. ಸರ್ಕಾರದಿಂದಲೇ ಅಪಾಯವಿದೆ ಎನ್ನುವವರು ಅದೇ ಸರ್ಕಾರದ ದೂತಾವಾಸಕ್ಕೆ ತಮ್ಮ ವಿಳಾಸ, ಮನೆಯವರ ವಿವರ ಕೊಟ್ಟು ಪತ್ರ ಕೇಳಿದರೆ, ನಾಳೆ ಅಧಿಕಾರಿ ಅದನ್ನೇ ಎತ್ತಿ ಕೇಳುತ್ತಾರೆ. ಪಾಸ್‌ಪೋರ್ಟ್ ನವೀಕರಣಕ್ಕೂ ಇದೇ ಎಚ್ಚರ ಬೇಕು. ಆಶ್ರಯದ ಅರ್ಜಿಯ ವಿಷಯವನ್ನು ಅಮೆರಿಕದ ಸರ್ಕಾರ ಸ್ವದೇಶದ ಸರ್ಕಾರಕ್ಕೆ ತಿಳಿಸುವಂತಿಲ್ಲ ಎಂಬ ನಿಯಮವಿದೆ. ಆದರೆ ನೀವೇ ಹೋಗಿ ಹೇಳಿಕೊಂಡದ್ದಕ್ಕೆ ಆ ರಕ್ಷಣೆ ಇಲ್ಲ.

ಅರ್ಜಿ ಬಾಕಿಯಿರುವಾಗ ಅಡ್ವಾನ್ಸ್ ಪೆರೋಲ್ (ಮರಳಿ ಬರಲು ಮುಂಚಿತವಾಗಿ ಪಡೆಯುವ ಅನುಮತಿ) ಇಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತೆ ಎಣಿಸುತ್ತಾರೆ. ಊರಿಗೇ ಹೋಗಿಬಂದರಂತೂ ಭಯವೇ ಸುಳ್ಳೆಂಬ ವಾದಕ್ಕೆ ಎಡೆಯಾಗುತ್ತದೆ. ಅಜ್ಜಿಯ ಸಾವಿಗೂ ಹೋಗಲಾಗದ ನಿರ್ಧಾರವಿದು ಎಂದು ತಿಳಿದೇ ಸಹಿ ಹಾಕಬೇಕು. ಎಫ್-1 ಮತ್ತು ಜೆ-1 ವೀಸಾಗಳು ಮರಳಿ ಹೋಗುವ ಉದ್ದೇಶದ ಮೇಲೆ ನಿಂತಿರುವುದರಿಂದ ಮುಂದೆ ಅವುಗಳ ನವೀಕರಣವೂ ಕಷ್ಟವಾಗುತ್ತದೆ. ಹಾಗಿದ್ದರೂ ಓದನ್ನು ಬಿಡಬೇಡಿ. ಮಾನ್ಯವಾದ ವಿದ್ಯಾರ್ಥಿ ಸ್ಥಿತಿಯಲ್ಲಿರುವವರ ಅರ್ಜಿ ತಿರಸ್ಕೃತವಾದರೆ ಆ ಸ್ಥಿತಿ ಉಳಿಯುತ್ತದೆ. ಸ್ಥಿತಿ ಇಲ್ಲದವರ ಪ್ರಕರಣ ವಲಸೆ ನ್ಯಾಯಾಲಯಕ್ಕೆ ಹೋಗುತ್ತದೆ.

ಸಲಹೆ ಎಲ್ಲಿ ಕೇಳಬೇಕು

ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯವರು ಡಿಎಸ್-2019 ಮತ್ತು ಎಫ್-1ನವರ ಅಂಥದೇ ಪತ್ರವಾದ ಐ-20ಗಳ ವಿಷಯದಲ್ಲಿ ಪಳಗಿದವರು, ಆದರೆ ಅವರು ನಿಮ್ಮ ವಕೀಲರಲ್ಲ. ವಿದೇಶಿ ವಿದ್ಯಾರ್ಥಿಗಳ ವಿವರ ಇಡುವ ಸರ್ಕಾರದ ಸೆವಿಸ್ ದಾಖಲೆಗೆ ವರದಿ ಮಾಡುವ ಹೊಣೆ ಅವರ ಮೇಲಿದೆ. ಆಶ್ರಯದ ಮಾತನ್ನು ಮೊದಲು ವಕೀಲರ ಬಳಿ ಆಡಿ. ಹಣವಿಲ್ಲದಿದ್ದರೆ ಕಾನೂನು ಕಾಲೇಜುಗಳ ವಲಸೆ ಕ್ಲಿನಿಕ್‌ಗಳನ್ನು, ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳನ್ನು ಹುಡುಕಿ. ಅಮೆರಿಕದಲ್ಲಿ ನೋಟರಿ ಎಂದರೆ ವಕೀಲರಲ್ಲ.

ಮನೆ ಬದಲಿಸಿದರೆ ಹತ್ತು ದಿನದೊಳಗೆ ಎಆರ್-11 ಎಂಬ ವಿಳಾಸ ಬದಲಾವಣೆಯ ನಮೂನೆಯ ಮೂಲಕ ಯುಎಸ್‌ಸಿಐಎಸ್‌ಗೂ, ಪ್ರತ್ಯೇಕವಾಗಿ ನಿಮ್ಮ ವಿಶ್ವವಿದ್ಯಾಲಯಕ್ಕೂ ಹೊಸ ವಿಳಾಸ ತಿಳಿಸಿ. ವೇವರ್ ಅರ್ಜಿಯಿದ್ದರೆ ವಿದೇಶಾಂಗ ಇಲಾಖೆಗೆ ಮತ್ತೆ ಬೇರೆಯಾಗಿ ತಿಳಿಸಬೇಕು. ವರ್ಷಗಟ್ಟಲೆ ಕಾದ ಸಂದರ್ಶನದ ಪತ್ರ ಹಳೆಯ ಬಾಡಿಗೆ ಮನೆಯ ಅಂಚೆಪೆಟ್ಟಿಗೆಯಲ್ಲಿ ಬಿದ್ದಿದ್ದು, ಗೊತ್ತಾಗುವ ಹೊತ್ತಿಗೆ ತಾರೀಖು ಮುಗಿದಿದ್ದ ಒಬ್ಬ ವಿದ್ಯಾರ್ಥಿಯ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ.